ಏನು ಕಲಿಯಬೇಕು ಎಂದು ಕೇಳಿದ್ದರೆ

ಪ್ರಿಯ ಗೆಳೆಯಾ,

ನೀನು ಬೆನ್ನು ಬಿಡದೆ ಹೇಳುತ್ತಿದ್ದ ‘ಅಕ್ಸೆಪ್ಟೆಡ್’ ಚಿತ್ರವನ್ನು ಕೊನೆಗೂ ನೋಡಿದೆ. 2006ರ ಹಾಸ್ಯಚಿತ್ರ, ನಕ್ಕು ಮಲಗಿದರಾಯಿತು ಎಂದುಕೊಂಡಿದ್ದೆ. ನಕ್ಕೆ, ನಿದ್ದೆ ಮಾತ್ರ ಹತ್ತಲಿಲ್ಲ.

ಅರ್ಜಿ ಹಾಕಿದ ಕಾಲೇಜುಗಳೆಲ್ಲ ಬೇಡವೆಂದ ಮೇಲೆ ಬಾರ್ಟಲ್‌ಬಿ ಎಂಬ ಅಮೆರಿಕದ ಒಹಾಯೊ ರಾಜ್ಯದ ಹುಡುಗ ಅಪ್ಪ ಅಮ್ಮನ ಸಮಾಧಾನಕ್ಕೆಂದು ಒಂದು ಸುಳ್ಳು ಕಾಲೇಜನ್ನೇ ಹುಟ್ಟುಹಾಕುತ್ತಾನಲ್ಲ, ಪಾಳುಬಿದ್ದ ಮಾನಸಿಕ ಆಸ್ಪತ್ರೆಯೊಳಗೆ! ಅದರ ಜಾಲತಾಣ ಕ್ಲಿಕ್ ಮಾಡಿದವರಿಗೆಲ್ಲ ಪ್ರವೇಶ ಕೊಟ್ಟುಬಿಡುತ್ತದೆ. ಎಲ್ಲೂ ಸೀಟು ಸಿಗದ ನೂರಾರು ಮಂದಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ಪಾರ್ಟಿಯ ಗದ್ದಲ ನನಗೆ ಹಿಡಿಸಲಿಲ್ಲ. ಕೊನೆಯಲ್ಲಿ ಒಂದು ಭಾಷಣಕ್ಕೆ ಕರಗಿ ಶಿಕ್ಷಣ ಮಂಡಳಿಯವರು ಆ ಕಾಲೇಜಿಗೆ ಒಂದು ವರ್ಷದ ತಾತ್ಕಾಲಿಕ ಮಾನ್ಯತೆ ಕೊಡುವುದೂ ತೀರಾ ಸಲೀಸಾಯಿತು. ಆದರೆ ಆ ಬಿಳಿ ಹಲಗೆ! ಏನು ಕಲಿಯಬೇಕೆಂದಿದ್ದೀರಿ ಎಂದು ಬಾರ್ಟಲ್‌ಬಿ ಕೇಳಿದಾಗ ಮೊದಲು ಎಲ್ಲರೂ ತಬ್ಬಿಬ್ಬಾಗುತ್ತಾರೆ. ಆಮೇಲೆ ಹಲಗೆ ತುಂಬುತ್ತದೆ. ಒಬ್ಬನಿಗೆ ಅಡುಗೆ, ಒಬ್ಬನಿಗೆ ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಸಿಡಿಸುವ ವಿದ್ಯೆ, ಇನ್ನೊಬ್ಬರಿಗೆ ಸುಮ್ಮನೆ ಅಡ್ಡಾಡುತ್ತ ಯೋಚಿಸುವುದೇ ಪಾಠ.

ಇದು ಬರೀ ಸಿನಿಮಾದ ಹುಚ್ಚಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯ ಕಣಿವೆಯೊಂದರಲ್ಲಿ 1917ರಿಂದ ಡೀಪ್ ಸ್ಪ್ರಿಂಗ್ಸ್ ಎಂಬ ಪುಟ್ಟ ಕಾಲೇಜಿದೆ. ಅಲ್ಲಿ ವಿದ್ಯಾರ್ಥಿಗಳೇ ಹಸುವಿನ ಹಾಲು ಕರೆಯುತ್ತಾರೆ, ಅಡುಗೆ ಮಾಡುತ್ತಾರೆ. ಯಾರನ್ನು ಸೇರಿಸಿಕೊಳ್ಳಬೇಕು, ಪಾಠಕ್ಕೆ ಯಾರನ್ನು ಕರೆಸಬೇಕು ಎನ್ನುವುದರಲ್ಲೂ ಅವರ ಮಾತು ನಡೆಯುತ್ತದೆ.

ನನ್ನನ್ನು ಕಾಡುತ್ತಿರುವುದು ಚಿತ್ರದ ರೋರಿ. ಹೆಸರಾಂತ ಯೇಲ್ ವಿಶ್ವವಿದ್ಯಾಲಯ ಒಂದಕ್ಕೇ ಅರ್ಜಿ ಹಾಕಿ, ಅದೂ ತಪ್ಪಿಹೋಗಿ, ಬರಿಗೈಯಲ್ಲಿ ನಿಂತ ಹುಡುಗಿ. ನನಗೆ ಹಾಗಾಗಲಿಲ್ಲ. ಕೇಳಿದ ಸೀಟು ಸಿಕ್ಕಿತು, ಪದವಿಯೂ ಬಂತು, ಊರೆಲ್ಲ ಮೆಚ್ಚಿತು. ಆದರೂ ಆ ಹಲಗೆಯ ಮುಂದೆ ನನ್ನನ್ನು ನಿಲ್ಲಿಸಿದ್ದರೆ ಕೈ ಏಳುತ್ತಿರಲಿಲ್ಲ. ಇಂದಿಗೂ ಏಳುವುದಿಲ್ಲ, ಅದೇ ನನ್ನ ಭಯ. ಪರೀಕ್ಷೆಗೆ ಬರುತ್ತದೆ ಎಂದದ್ದನ್ನೆಲ್ಲ ಓದಿದೆ. ನನಗೇ ಬೇಕೆಂದು ಓದಿದ್ದು ಯಾವುದು ಎಂದು ಹುಡುಕುತ್ತ ಕುಳಿತರೆ ಎದೆ ಖಾಲಿ ಅನ್ನಿಸುತ್ತದೆ. ಇದನ್ನು ಮನೆಯಲ್ಲೂ ಹೇಳಿಲ್ಲ. ಈಗ ಎಲ್ಲರೆದುರು ನಿನಗೆ ಹೇಳುತ್ತಿದ್ದೇನೆ ನೋಡು.

ಸಾಕು, ಭಾರವಾಯಿತು. ನೀನಾಗಿದ್ದರೆ ಹಲಗೆಯ ಮೇಲೆ ಏನು ಬರೆಯುತ್ತಿದ್ದೆ? ಸಿಡಿಸುವ ವಿದ್ಯೆಯೊಂದನ್ನು ಬಿಟ್ಟು ಹೇಳು. ರಸಾಯನಶಾಸ್ತ್ರದ ಪ್ರಯೋಗಾಲಯದವರು ಇನ್ನೂ ನಿನ್ನನ್ನು ಮರೆತಿರಲಾರರು.

ನಿನ್ನ,
ಮೂರನೆಯ ಬೆಂಚು