ಸಿಗಾರ್ ಎಂದರೆ ಹವಾನಾ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಸಿಗಾರ್ ಕುರಿತು ಬಂದಿದ್ದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ಯೂಬಾದ ಸಿಗಾರನ್ನಷ್ಟೇ ಮುಂದಿಟ್ಟುಕೊಂಡು ಇದೆಲ್ಲ ಸಿರಿವಂತರ ಶೋಕಿ ಎಂಬಂತೆ ಬರೆದಿದ್ದ ಆ ಲೇಖನದಲ್ಲಿ ಇಟಲಿಯ ತೋಸ್ಕಾನೊ ಸಿಗಾರಿನ ಹೆಸರೇ ಇಲ್ಲದ್ದು ದೊಡ್ಡ ಕೊರತೆಯಾಗಿ ಕಂಡಿತು. ಇನ್ನೂರು ವರ್ಷಗಳಿಂದ ಅಲ್ಲಿನ ಜನಸಾಮಾನ್ಯರು ಸೇದುತ್ತ ಬಂದಿರುವ ಈ ಸಿಗಾರು ಹವಾನಾಕ್ಕಿಂತ ನಮ್ಮ ಸೀಮೆಯ ಚುಟ್ಟಕ್ಕೇ ಹತ್ತಿರದ ನೆಂಟ.

ಎರಡು ವರ್ಷಗಳ ಹಿಂದೆ, ಫ್ಲಾರೆನ್ಸ್‌ನಲ್ಲಿ ಓದುತ್ತಿದ್ದ ನನ್ನ ತಂಗಿಯ ಮಗ ರಜೆಗೆ ಬಂದಾಗ ಐದು ಸಿಗಾರುಗಳ ಪೊಟ್ಟಣವೊಂದನ್ನು ತಂದುಕೊಟ್ಟ. ನಡುವೆ ದಪ್ಪಗಿದ್ದು ಎರಡೂ ತುದಿಗೆ ಸಣ್ಣಗಾಗುವ, ಎಲೆಯ ನರಗಳು ಎದ್ದು ಕಾಣುವ, ಬೇಲಿಯಿಂದ ಮುರಿದು ತಂದ ಒಣಕಡ್ಡಿಯಂತೆ ಸೊಟ್ಟಗಿದ್ದ ಅವನ್ನು ಮೂಗಿನ ಹತ್ತಿರ ಹಿಡಿದಾಗ ಬಚ್ಚಲ ಒಲೆಯ ಹೊಗೆಯ ವಾಸನೆ ಬಂತು. ಪಾವಗಡದ ನಮ್ಮ ಹಳೆಯ ಮನೆಯ ಜಗಲಿಯಲ್ಲಿ ಕೂತು ಚುಟ್ಟ ಸೇದುತ್ತಿದ್ದ ತಾತ ನೆನಪಾದರು. ತೋಸ್ಕಾನೊ ಸಿಗಾರನ್ನು ನಡುವೆ ಕತ್ತರಿಸಿ ಎರಡು ಮಾಡಿ ಸೇದುವುದು ಇಟಲಿಯ ರೂಢಿ. ನಾನು ಮನೆಯ ಅಡಕತ್ತರಿಯನ್ನೇ ಬಳಸಿದೆ. ಅವಸರದಲ್ಲಿ ಒತ್ತಿದ್ದರಿಂದ ಮೊದಲನೆಯದರ ಎಲೆ ಸೀಳಿ ಬಿಚ್ಚಿಕೊಂಡಿತು; ಎರಡನೆಯದನ್ನು ಬೆರಳಿನಲ್ಲಿ ತಿರುಗಿಸುತ್ತ ಮೆಲ್ಲಗೆ ಕತ್ತರಿಸಿದ ಮೇಲೆ ಅಂಚು ಸರಿಯಾಗಿ ಬಂತು.

ಅದರ ರುಚಿಯ ಗುಟ್ಟು ಹೊಗೆಯಲ್ಲಿದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ ಎಂಬ ತಂಬಾಕಿನ ಮನೆಗಳಲ್ಲಿ ಕೊಳವೆಯ ಶಾಖದಿಂದ ಮಾತ್ರ ತಂಬಾಕನ್ನು ಹದ ಮಾಡುತ್ತಾರೆ, ಎಲೆಗೆ ಹೊಗೆ ತಾಕಗೊಡುವುದಿಲ್ಲ. ತೋಸ್ಕಾನೊಗೆ ಬಳಸುವ ಕೆಂಟಕಿ ಎಂಬ ತಳಿಯ ತಂಬಾಕಿನ ಹದ ಇದಕ್ಕೆ ತದ್ವಿರುದ್ಧ. ಅಲ್ಲಿ ಓಕ್ ಮೊದಲಾದ ಗಟ್ಟಿ ಮರದ ಸೌದೆ ಉರಿಸಿ, ಮೇಲೆ ತೂಗುಹಾಕಿದ ಎಲೆಗೆ ದಿನಗಟ್ಟಲೆ ಹೊಗೆ ಕುಡಿಸುತ್ತಾರೆ. ಆಮೇಲೆ ಎಲೆಯನ್ನು ನೀರಿನಲ್ಲಿ ನೆನೆಸಿ ಹುದುಗಲು ಬಿಡುತ್ತಾರೆ. 1815ರಲ್ಲಿ ಫ್ಲಾರೆನ್ಸ್‌ನಲ್ಲಿ ಒಣಗಲು ಇಟ್ಟಿದ್ದ ತಂಬಾಕು ಮಳೆಗೆ ಸಿಕ್ಕಿ ಹುದುಗಿತೆಂದೂ, ಎಸೆಯಲು ಮನಸ್ಸಾಗದೆ ಅದರಿಂದ ಅಗ್ಗದ ಸಿಗಾರು ಮಾಡಿ ಮಾರಿದರೆಂದೂ, ಜನ ಅದನ್ನೇ ಮೆಚ್ಚಿದರೆಂದೂ ಅಲ್ಲಿ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, 1818ರಲ್ಲಿ ಆ ಊರಿನ ಕಾರ್ಖಾನೆಯಲ್ಲಿ ತಯಾರಿಕೆ ಶುರುವಾಯಿತು. ಒಳಗೆ ತುಂಬುವ ತಂಬಾಕು, ಮೇಲೆ ಸುತ್ತುವ ಒಂದೇ ಎಲೆ, ಅಂಟಿಸಲು ಗಂಜಿಯಂಥ ಪಿಷ್ಟ, ಇಷ್ಟೇ ಅದರ ಸಾಮಗ್ರಿ. ಲುಕ್ಕಾ ಪಟ್ಟಣದಲ್ಲಿ ತಲೆಮಾರುಗಳಿಂದ ಹೆಂಗಸರು ಇದನ್ನು ಕೈಯಿಂದ ಸುತ್ತುತ್ತ ಬಂದಿದ್ದಾರೆ. ನಮ್ಮ ತುಮಕೂರಿನಲ್ಲಿ ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರ ಬೆರಳಿನ ಚುರುಕನ್ನು ಕಂಡವರಿಗೆ ಆ ಕೆಲಸದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಸುತ್ತಿದ ಸಿಗಾರುಗಳನ್ನು ತಿಂಗಳುಗಟ್ಟಲೆ ಮಾಗಿಸಿದ ಮೇಲೆಯೇ ಮಾರಾಟಕ್ಕೆ ಬಿಡುತ್ತಾರೆ.

ಹವಾನಾ ಸಿಗಾರಿಗೆ ಬೇಕಾಗುವಂಥ ತೇವ ಕಾಯುವ ಪೆಟ್ಟಿಗೆ ಇದಕ್ಕೆ ಬೇಕಿಲ್ಲ. ಹೊಗೆಯನ್ನು ಒಳಗೆಳೆದುಕೊಳ್ಳದೆ ಬಾಯಲ್ಲಿ ಆಡಿಸಿ ಬಿಡಬೇಕು, ಆರಿದರೆ ಮತ್ತೆ ಹೊತ್ತಿಸಬಹುದು. ಮೊದಲ ಎರಡು ದಮ್ಮು ಖಾರವಾಗಿರುತ್ತದೆ, ಆಮೇಲೆ ಸುಟ್ಟ ಸೌದೆಯ ವಾಸನೆಯೊಂದಿಗೆ ಸಣ್ಣದೊಂದು ಸಿಹಿ ನಾಲಿಗೆಯಲ್ಲಿ ಉಳಿಯುತ್ತದೆ. ಸಕ್ಕರೆ ಹಾಕದ ಡಿಕಾಕ್ಷನ್ ಜೊತೆಗಿದ್ದರೆ ಅದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಇಷ್ಟು ಖಾರ ಒಗ್ಗದವರಿಗೆ ಇಟಲಿಯನ್ನು ಒಂದುಗೂಡಿಸಲು ಹೋರಾಡಿದ ಗ್ಯಾರಿಬಾಲ್ಡಿಯ ಹೆಸರಿನಲ್ಲಿ ಸೌಮ್ಯವಾದ ಬಗೆಯೊಂದೂ ಇದೆ. ಒಳಗೆಳೆಯದಿದ್ದ ಮಾತ್ರಕ್ಕೆ ಕೇಡಿಲ್ಲವೆಂದು ಮಾತ್ರ ಯಾರೂ ತಿಳಿಯಬಾರದು. ಯಾವ ರೂಪದಲ್ಲಿದ್ದರೂ ತಂಬಾಕು ಬಾಯಿಗೂ ಗಂಟಲಿಗೂ ಅಪಾಯವೇ. ಹಾಗಾಗಿ ನಾನು ತಿಂಗಳಿಗೆ ಅರ್ಧ ಸಿಗಾರನ್ನು ಮೀರುವುದಿಲ್ಲ, ಅದೂ ಮೊಮ್ಮಕ್ಕಳು ಹತ್ತಿರವಿಲ್ಲದಾಗ, ಮಹಡಿಯ ಮೇಲೆ.

ಸಿಗಾರಿನ ಕುರಿತು ತಾವು ಮತ್ತೆ ಬರೆಸುವುದಾದರೆ ಲುಕ್ಕಾದ ಈ ಹೆಂಗಸರ ಕಸುಬಿಗೂ ನಮ್ಮ ಗಡಿ ಸೀಮೆಯ ಚುಟ್ಟಕ್ಕೂ ಅದರಲ್ಲಿ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕ, ತುಮಕೂರು