ಅಮ್ಮ, ಇದು ನಿನ್ನ ಕೆಲಸದ ನಾಟಕ

ಮ್ಯೂನಿಕ್
ಭಾನುವಾರ ರಾತ್ರಿ

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಚಳಿ ಶುರುವಾಗಿದೆ. ನೀನು ಕಳಿಸಿದ ಹುರಿಹಿಟ್ಟು ಮುಗಿಯುತ್ತಾ ಬಂತು.

ಈ ವಾರ ಒಂದು ಹಳೆಯ ರೇಡಿಯೋ ನಾಟಕ ಓದಿದೆ. ಓದುವಾಗೆಲ್ಲ ನೀನೇ ನೆನಪಾದೆ. ಯಾಕೆ ಗೊತ್ತಾ? ಅದು ನಡೆಯುವುದು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ! ನಿಮ್ಮ ಹಾಸನದ ಎಕ್ಸ್‌ಚೇಂಜ್ ಥರ ಫ್ಯಾನು, ಕಿಟಕಿ ಇರುವುದಲ್ಲ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918. ನೆಲದಡಿಯ ಗುಂಡಿಯೊಂದರಲ್ಲಿ ಜರ್ಮನ್ ಸಿಪಾಯಿಗಳು ಕೂತು ಕಾಲ್ ಜೋಡಿಸುತ್ತಾರೆ. ನಾಟಕದ ಹೆಸರೂ ಅದೇ, 'ಬ್ರಿಗೇಡ್ ಎಕ್ಸ್‌ಚೇಂಜ್'. ಬರೆದವರು ಎರ್ನ್ಸ್ಟ್ ಯೋಹಾನ್ಸನ್. ಆ ಯುದ್ಧದಲ್ಲಿ ಸ್ವತಃ ಸಿಪಾಯಿಯಾಗಿದ್ದವರು. 1929ರ ಅಕ್ಟೋಬರ್‌ನಲ್ಲಿ ಇದು ಮೊದಲು ಪ್ರಸಾರವಾಗಿದ್ದು ಇದೇ ಮ್ಯೂನಿಕ್‌ನಿಂದ. ಆಗ ಈ ಊರಿಗೆ ರೇಡಿಯೋ ಬಂದು ಐದೇ ವರ್ಷ.

ಕಣ್ಣಿಗೆ ಏನೂ ಕಾಣಿಸದ ನಾಟಕ ಮಾಡುವುದು ಹೇಗೆ ಅನ್ನುವುದೇ ಆಗಿನವರಿಗೆ ತಲೆನೋವು. 1924ರಲ್ಲಿ ಲಂಡನ್ನಿನ ಬಿಬಿಸಿಯವರು ಒಂದು ಉಪಾಯ ಮಾಡಿದ್ದರು. ಕಲ್ಲಿದ್ದಲ ಗಣಿ, ದೀಪ ಆರಿಹೋಗುತ್ತದೆ, ಕಥೆಯಲ್ಲಿರುವವರಿಗೂ ಏನೂ ಕಾಣುವುದಿಲ್ಲ. ಜಾಣತನವೇ, ಆದರೆ ಯೋಹಾನ್ಸನ್ನರದು ಅದಕ್ಕಿಂತ ಒಂದು ಕೈ ಮೇಲು. ಫೋನ್‌ನಲ್ಲಿ ಎಂದಾದರೂ ಏನಾದರೂ ಕಾಣುತ್ತದಾ? ಯುದ್ಧ ಹೊರಗೆಲ್ಲೋ ನಡೆಯುತ್ತಿದೆ. ಒಳಗೆ ಬರುವುದು ಬರೀ ದನಿ. ಒಬ್ಬ ಸಹಾಯ ಬೇಕು ಅನ್ನುತ್ತಾನೆ, ಇನ್ನೊಬ್ಬ ಆಜ್ಞೆ ಕೊಡುತ್ತಾನೆ. ನಡುವೆ ಕೂತವನ ಕೆಲಸ ಲೈನ್ ಜೋಡಿಸುವುದು, ಅಷ್ಟೇ. ಆ ಕಾಲದಲ್ಲಿ ಎಷ್ಟೋ ಜನ ರೇಡಿಯೋ ಕೇಳುತ್ತಿದ್ದದ್ದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು. ನೀನು ಬೋರ್ಡ್ ಮುಂದೆ ಕೂತಾಗ ಹಾಕುತ್ತಿದ್ದೆಯಲ್ಲ, ಹಾಗೆ. ಅಂದರೆ ಮನೆಯಲ್ಲಿ ಕೂತ ಕೇಳುಗನೂ ಆಪರೇಟರೇ ಆಗಿಬಿಡುತ್ತಿದ್ದ!

ಆ ಯುದ್ಧದಲ್ಲಿ ಗುಂಡು ಬಿದ್ದು ವೈರ್ ತುಂಡಾಗುವುದು ದಿನಾ ಇದ್ದದ್ದೇ. ಸರಿಮಾಡಲು ಯಾರಾದರೂ ಹೊರಗೆ ತೆವಳಿಕೊಂಡು ಹೋಗಲೇಬೇಕಿತ್ತು. ಸಕಲೇಶಪುರದ ಕಡೆ ಮರ ಬಿದ್ದು ಲೈನ್ ಹೋದಾಗ, ಮಳೆಯಲ್ಲಿ ಹೋದ ಲೈನ್‌ಮ್ಯಾನ್ ವಾಪಸ್ ಬರುವವರೆಗೆ ನೀನು ಊಟ ಮಾಡುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು.

ನಾಟಕ ಬೇರೆ ಬೇರೆ ದೇಶಗಳ ರೇಡಿಯೋದಲ್ಲೂ ಬಂತು. ಆದರೆ ಹಿಟ್ಲರ್ ಕಾಲದಲ್ಲಿ ಅದನ್ನು ಬರೆದವರೇ ದೇಶ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು.

"ಕೇಳಿಸಿದರೂ ಕೇಳಿಸಿಲ್ಲ ಅಂತ ಇರಬೇಕು" ಅನ್ನುತ್ತಿದ್ದೆ ನೀನು, ಎಕ್ಸ್‌ಚೇಂಜ್ ಮಾತು ಬಂದಾಗೆಲ್ಲ. ನಾನು ಚಿಕ್ಕವಳಿದ್ದಾಗ ಒಂದು ದಿನ ನೀನು ನೈಟ್ ಡ್ಯೂಟಿ ಮುಗಿಸಿ ಅಳುತ್ತಾ ಮನೆಗೆ ಬಂದಿದ್ದೆ. ಕೇಳಿದರೆ ತಲೆನೋವು ಅಂದೆ. ಮಡಿಕೇರಿಗೆ ಟ್ರಂಕ್ ಕಾಲ್ ಕೊಟ್ಟೆ ಅಂತ ಅಜ್ಜಿ ಹತ್ತಿರ ಪಿಸುಗುಟ್ಟಿದ್ದು ಮಾತ್ರ ನನಗೆ ಕೇಳಿಸಿತ್ತು. ಯಾರ ಮನೆಗಮ್ಮಾ ಆ ಕಾಲ್? ಫೋನ್‌ನಲ್ಲಿ ಹೇಳಬೇಡ. ಬರೆದು ಕಳಿಸು.

ಇಂತಿ,
ನಿನ್ನ ಪುಟ್ಟಿ