ಜೇನುನೊಣದ ವೇಷ ಮತ್ತು ಕಳಚಿ ಬಿದ್ದ ಬ್ಯಾಟರಿ: ಒಂದು ದೂರು ಪತ್ರ

ಇಂದ: ನಿಮ್ಮ ಗ್ರಾಹಕಿ, ಇಬ್ಬರು ಮಕ್ಕಳ ತಾಯಿ
ಗೆ: ಮುಖ್ಯಸ್ಥರು, ಗ್ರಾಹಕರ ದೂರು ವಿಭಾಗ, ಮಕ್ಕಳ ವೇಷಭೂಷಣದ ಆನ್‌ಲೈನ್ ಮಳಿಗೆ

ವಿಷಯ: ಜೇನುನೊಣದ ವೇಷದ ಹೇರ್‌ಬ್ಯಾಂಡಿನಿಂದ ಬಟನ್ ಬ್ಯಾಟರಿ ಕಳಚಿ ಬಿದ್ದ ಬಗ್ಗೆ, ಆ ದೂರಿಗೆ ನಿಮ್ಮವರು ಕೊಟ್ಟ ಉತ್ತರದ ಬಗ್ಗೆ

ಮಾನ್ಯರೇ,

ನಿಮ್ಮಲ್ಲಿ ತರಿಸಿಕೊಂಡ ಜೇನುನೊಣದ ವೇಷದ ಜೊತೆಗೆ ತಲೆಗೆ ಹಾಕಿಕೊಳ್ಳುವ ಹೇರ್‌ಬ್ಯಾಂಡ್ ಒಂದು ಬಂದಿದೆ. ಅದರ ಎರಡು ಕುಡಿಮೀಸೆಗಳ ತುದಿಯಲ್ಲಿ ಮಿನುಗುವ ದೀಪ. ಆ ದೀಪಕ್ಕೆ ಹಾಕಿದ್ದ ಬಟನ್ ಬ್ಯಾಟರಿ, ಮಗಳು ಒಂದೆರಡು ಸಲ ತಲೆಯಾಡಿಸಿ ಕುಣಿದಷ್ಟಕ್ಕೇ ಮುಚ್ಚಳ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ನಿಮ್ಮ ಕಸ್ಟಮರ್ ಕೇರ್‌ಗೆ ತಿಳಿಸಿದಾಗ "ಬಳಸಿದ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂಬ ಉತ್ತರ ಬಂತು. ವಾಪಸ್ ತೆಗೆದುಕೊಳ್ಳಿ ಎಂದು ನಾನು ಕೇಳಿಯೇ ಇರಲಿಲ್ಲ. ಇದೇ ವೇಷ ತರಿಸಿಕೊಂಡಿರುವ ಬೇರೆ ಮನೆಯವರಿಗೆ ಎಚ್ಚರಿಕೆ ಕೊಡಿ ಎಂದಿದ್ದೆ. ಆ ಮಾತಿಗೆ ಇನ್ನೂ ಉತ್ತರವಿಲ್ಲ.

ಶಾಲೆಯಲ್ಲಿ ಛದ್ಮವೇಷ ಎಂದರೆ ಮನೆಯೊಳಗೆ ಏನೇನು ನಡೆಯುತ್ತದೆ ಎಂಬುದು ನಿಮಗೆ ಗೊತ್ತಿರಲೇಬೇಕು. ನಿಮ್ಮ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಸೂಚನೆ ಬರುವುದು ತಡವಾಗಿ. ಬಂದ ರಾತ್ರಿಯಿಂದಲೇ ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರ ಮಗು ಚಿಟ್ಟೆ, ಯಾರದು ಸಿಂಹ, ಯಾರ ಹತ್ತಿರ ಹೋದ ವರ್ಷದ ಮೊಲದ ಕಿವಿ ಉಳಿದಿದೆ ಎಂಬ ವಿಚಾರಣೆ ಶುರುವಾಗುತ್ತದೆ. ಅಪ್ಪಂದಿರು ಇರುವ ಗುಂಪೂ ಒಂದಿದೆ, ಅಲ್ಲಿ ಇಂಥ ಸಮಯದಲ್ಲಿ ಗಾಢ ಮೌನ. ನಮ್ಮವಳಂತೂ ಬೆಳಿಗ್ಗೆ ಆನೆ, ಮಧ್ಯಾಹ್ನ ಆಮೆ, ಮಲಗುವ ಹೊತ್ತಿಗೆ ಜೇನುನೊಣ. ಅಷ್ಟರಲ್ಲಿ ಆರ್ಡರ್ ಮಾಡಿಬಿಟ್ಟೆ, ಮತ್ತೆ ಮನಸ್ಸು ಬದಲಾಯಿಸಲು ಎಡೆ ಸಿಗದಿರಲಿ ಎಂದು.

ಪಾರ್ಸೆಲ್ ಹೇಳಿದ ದಿನಕ್ಕೆ ಬರಲಿಲ್ಲ. ಮನೆ ಬಾಗಿಲಿಗೆ ಬರುವ ಮೊದಲೇ ನಿಮ್ಮ ಆ್ಯಪಿನಲ್ಲಿ "ತಲುಪಿಸಲಾಗಿದೆ" ಎಂದು ಬಿದ್ದಿತ್ತು. ಕೊನೆಗೂ ಕಾರ್ಯಕ್ರಮದ ಹಿಂದಿನ ಸಂಜೆ ಬಂತು. ಅದನ್ನು ದೊಡ್ಡದು ಮಾಡುವುದಿಲ್ಲ.

ಬಿಚ್ಚಿ ನೋಡಿದ ಮೇಲೆ ಮಗಳ ತಪಾಸಣೆ ನಡೆಯಿತು. ಜೇನುನೊಣಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ ಇದೆ ಎಂದಳು. ಹಾರುವಾಗ ಮುಂದಿನ ರೆಕ್ಕೆಗೆ ಹಿಂದಿನದು ಸಣ್ಣ ಕೊಕ್ಕೆಗಳಿಂದ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಎರಡರಂತೆ ಕಾಣುತ್ತದೆ ಎಂದು ನಿಮ್ಮ ಪರವಾಗಿ ನಾನೇ ವಾದಿಸಿದೆ. ಒಪ್ಪಲಿಲ್ಲ. ಹೊಟ್ಟೆಯ ಹಿಂದೆ ಉದ್ದನೆಯ ಮುಳ್ಳು ಇಟ್ಟು, ಪ್ಯಾಕೆಟ್ಟಿನ ಮೇಲೆ "ಗಂಡುಮಕ್ಕಳಿಗೆ: ವೀರ ಗಂಡುಜೇನು" ಎಂದು ಬೇರೆ ಬರೆದಿದ್ದೀರಿ. ಗಂಡು ಜೇನಿಗೆ ಚುಚ್ಚುವ ಮುಳ್ಳೇ ಇಲ್ಲ. ಹೂವಿನಿಂದ ಹೂವಿಗೆ ಹೋಗಿ ಮಕರಂದ ತರುವವು, ಗೂಡು ಕಾಯುವವು, ಚುಚ್ಚುವವು ಎಲ್ಲವೂ ಹೆಣ್ಣೇ. ಟೀಚರ್ ಕೇಳಿದ್ದಕ್ಕೆ ವೇಷ ತೊಟ್ಟು ನಿಂತು ಉತ್ತರ ಹೇಳಬೇಕಾದವಳು ಅವಳು, ಹಾಗಾಗಿ ಇದೆಲ್ಲ ಅವಳಿಗೆ ಬಾಯಿಪಾಠ. ಪ್ಯಾಕೆಟ್ ಬರೆಯುವವರು ಒಂದು ಸಲ ಒಂದನೇ ತರಗತಿಯ ಮಗುವಿಗೆ ತೋರಿಸಿ ಅಚ್ಚು ಹಾಕಿಸಬಹುದಿತ್ತು.

ಬಟ್ಟೆಯ ವಿಷಯವೂ ಹಾಗೇ. ನಿಮ್ಮ ಪುಟದಲ್ಲಿ "ಮೃದುವಾದ ಹತ್ತಿ" ಎಂದಿದೆ, ಒಳಗೆ ಹೊಲಿದ ಲೇಬಲ್ಲಿನಲ್ಲಿ 100% ಪಾಲಿಯೆಸ್ಟರ್. ಎರಡೂ ನೀವೇ ಬರೆದದ್ದು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಬೆಂಕಿಯ ಹತ್ತಿರ ಹೋದರೆ ಕರಗಿ ಮೈಗೆ ಅಂಟುತ್ತದೆ. ವೇದಿಕೆಯ ಮೇಲೆ ದೀಪ ಹಚ್ಚಿಟ್ಟಿದ್ದಾರೋ ಇಲ್ಲವೋ ಎಂದು ಕೇಳಿಕೊಂಡು ಮಗುವನ್ನು ಕಳಿಸಬೇಕಾದರೆ ಅದು ಮೊದಲೇ ಗೊತ್ತಿರಬೇಕಲ್ಲವೇ? ಸೈಜಿಗೆ "5–6 ವರ್ಷ" ಎಂದಷ್ಟೇ ಇದೆ. ಒಂದೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ, ಒಬ್ಬರ ಭುಜಕ್ಕೆ ಇನ್ನೊಬ್ಬರ ತಲೆ. ಎತ್ತರವನ್ನು ಸೆಂಟಿಮೀಟರಿನಲ್ಲಿ ಕೊಡಲು ಏನು ಕಷ್ಟ?

ಇಷ್ಟನ್ನೆಲ್ಲ ನಮ್ಮ ಅತ್ತೆ ಒಂದೇ ರಾತ್ರಿಯಲ್ಲಿ ಸರಿಮಾಡಿದರು. ತೋಳು ಒಳಗೆ ಮಡಚಿ ಹೊಲಿದರು, ಕುತ್ತಿಗೆಗೆ ಕಟ್ಟುವ ದಾರ ಕಂಡದ್ದೇ "ಎಲ್ಲಿಗಾದರೂ ಸಿಕ್ಕಿಕೊಂಡರೆ ಗತಿಯೇನು" ಎಂದು ಕತ್ತರಿಸಿ ಹಾಕಿ ವೆಲ್ಕ್ರೋ ಹಚ್ಚಿದರು, ಹಳೆಯ ಸೊಳ್ಳೆಪರದೆಯಲ್ಲಿ ಇನ್ನೆರಡು ರೆಕ್ಕೆ ಮಾಡಿಕೊಟ್ಟರು. ನಿಮ್ಮದಕ್ಕಿಂತ ಚೆನ್ನಾಗಿವೆ. ಒಳಗೆ ಹತ್ತಿಯ ಬನಿಯನ್ ಹಾಕಿದೆವು. ಮನೆಯಲ್ಲಿ ಸರಿಹೋಗುವ ಕೊರತೆಗೆ ನಾನು ಪತ್ರ ಬರೆಯುವವಳಲ್ಲ.

ಬ್ಯಾಟರಿ ಮನೆಯಲ್ಲಿ ಸರಿಹೋಗುವಂಥದ್ದಲ್ಲ. ಅದು ಬಿದ್ದಾಗ ಚಿಕ್ಕವನು ಅಲ್ಲೇ ನೆಲದ ಮೇಲೆ ಕುಳಿತಿದ್ದ. ಹೊಳೆಯುವುದು ಏನು ಕಂಡರೂ ಮೊದಲು ಬಾಯಿಗೆ ಹಾಕಿ ನೋಡುವ ವಯಸ್ಸು ಅವನದು. ಅವನ ಕೈ ಅದರ ಮೇಲೆ ಬೀಳುವಷ್ಟರಲ್ಲಿ ನಮ್ಮ ಮನೆಯವರು ಎತ್ತಿಕೊಂಡರು. ನೋಡಿದರೆ ಸಿಆರ್2032, ಅಂದರೆ 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಸೆಲ್.

ಈ ಅಳತೆಯದ್ದೇ ಅತಿ ಅಪಾಯದ್ದು. ಸಣ್ಣ ಮಗು ನುಂಗಿದರೆ ಹೊಟ್ಟೆಗೆ ಇಳಿಯದೆ ಅನ್ನನಾಳದಲ್ಲೇ ಸಿಕ್ಕಿಕೊಳ್ಳುವಷ್ಟು ಅಗಲ ಅದಕ್ಕಿದೆ. ಅಲ್ಲಿಯ ಹಸಿಯಲ್ಲಿ ವಿದ್ಯುತ್ ಹರಿಯತೊಡಗಿ, ಸೆಲ್ಲಿನ ಅಂಚಿನಲ್ಲಿ ಸುಡುವ ಕ್ಷಾರ ಹುಟ್ಟುತ್ತದೆ. ಸೆಲ್ ಒಡೆದು ಸೋರಬೇಕೆಂದೇನೂ ಇಲ್ಲ. ಎರಡೇ ಗಂಟೆಯಲ್ಲಿ ಗಂಭೀರವಾದ ಸುಟ್ಟಗಾಯ ಆಗಬಹುದು, ಅನ್ನನಾಳ ತೂತಾಗಬಹುದು. ಮಗುವಿಗೆ ಹೇಳಲು ಬರುವುದಿಲ್ಲ. ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು, ಇಷ್ಟೇ ಕಾಣುವುದು. ಯಾವ ಮನೆಯಲ್ಲಾದರೂ ಶೀತ ಆಗಿದೆ ಎಂದುಕೊಳ್ಳುತ್ತಾರೆ. ದೀಪ ಹತ್ತದಷ್ಟು ಸೊರಗಿದ ಸೆಲ್ಲಿನಲ್ಲೂ ಗಾಯ ಮಾಡುವಷ್ಟು ಶಕ್ತಿ ಉಳಿದಿರುತ್ತದೆ, ಆದ್ದರಿಂದ ಕಾರ್ಯಕ್ರಮ ಮುಗಿದು ಆಟಿಕೆಯ ಬುಟ್ಟಿ ಸೇರಿದ ಹೇರ್‌ಬ್ಯಾಂಡೂ ನಿರಪಾಯವಲ್ಲ. ಮೂಗಿಗೋ ಕಿವಿಗೋ ತುರುಕಿಕೊಂಡರೂ ಇದೇ ಪಾಡು.

ಇದೆಲ್ಲ ಹೊಸ ವಿಷಯವೇನಲ್ಲ. ಆಟಿಕೆಗಳ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಇಂಥ ಬ್ಯಾಟರಿಯ ಗೂಡು ಸ್ಕ್ರೂಡ್ರೈವರಿನಂಥ ಸಾಧನ ಇಲ್ಲದೆ, ಅಥವಾ ಒಟ್ಟೊಟ್ಟಿಗೆ ಎರಡು ಬೇರೆ ಬೇರೆ ಚಲನೆ ಮಾಡದೆ, ತೆರೆದುಕೊಳ್ಳಬಾರದು. ಆಸ್ಟ್ರೇಲಿಯಾದಲ್ಲಿ ಬಟನ್ ಬ್ಯಾಟರಿ ಇರುವ ಸಾಮಾನುಗಳಿಗೆ 2022ರಿಂದ ಭದ್ರವಾದ ಗೂಡು ಕಡ್ಡಾಯ. ನಿಮ್ಮ ಹೇರ್‌ಬ್ಯಾಂಡಿನಲ್ಲಿ ಸ್ಕ್ರೂ ಇಲ್ಲ, ಉಗುರಿನಲ್ಲಿ ಎಬ್ಬಿಸಿದರೆ ಏಳುವ ಒಂದು ತೆಳು ಮುಚ್ಚಳ ಇದೆ. ಒಳಗೆ ಬಟನ್ ಬ್ಯಾಟರಿ ಇದೆ ಎಂಬ ಒಂದು ಸಾಲು ಪ್ಯಾಕೆಟ್ ಮೇಲೂ ಇಲ್ಲ, ನಿಮ್ಮ ಪುಟದಲ್ಲೂ ಇಲ್ಲ. "ಮಿನುಗುವ ಮೀಸೆ" ಎಂದು ಮಾತ್ರ ದಪ್ಪಕ್ಷರದಲ್ಲಿದೆ.

ಈಗ ನಿಮ್ಮ "ಬಳಸಿದ ವಸ್ತು" ಎಂಬ ನಿಯಮಕ್ಕೆ ಬರುತ್ತೇನೆ. ಚಾಟ್‌ನಲ್ಲಿ ಮೊದಲು ಮಾತಾಡಿದ್ದು ಯಂತ್ರ. ಬ್ಯಾಟರಿ ಎಂದು ಬರೆದಿದ್ದಕ್ಕೆ ಬ್ಯಾಟರಿ ಸಿಗುವ ಪುಟದ ಕೊಂಡಿ ಕಳಿಸಿತು. ಆಮೇಲೆ ಸಿಕ್ಕ ನಿಮ್ಮ ಸಿಬ್ಬಂದಿ ಸೌಜನ್ಯದಿಂದಲೇ ಮಾತಾಡಿದರು, ಅವರ ಮೇಲೆ ನನಗೆ ದೂರಿಲ್ಲ. ಆದರೆ ಅವರ ಮುಂದಿದ್ದ ಪಟ್ಟಿಯಲ್ಲಿ ಸೈಜ್, ಬಣ್ಣ, ತಡ, ಹರಿದಿದೆ ಎಂಬ ಕಾರಣಗಳಿದ್ದವೇ ಹೊರತು "ಅಪಾಯಕಾರಿ" ಎಂಬುದು ಇರಲಿಲ್ಲವಂತೆ. ಹಾಗಾಗಿ ನನ್ನ ದೂರನ್ನು "ಹರಿದಿದೆ" ಎಂಬುದಕ್ಕೆ ಸೇರಿಸಿದರು. ಹಾಕಿ ನೋಡಿದ ಮೇಲೆ ಹರಿದದ್ದಾದ್ದರಿಂದ ನಿಯಮದಂತೆ ತಿರಸ್ಕರಿಸಿದರು. ಮಗು ತೊಟ್ಟು ಕುಣಿಯಲಿ ಎಂದೇ ಮಾರಿದ ವಸ್ತು ತೊಟ್ಟು ಕುಣಿದಾಗ ಕಳಚಿದರೆ, ಅದು ಬಳಸಿದವರ ತಪ್ಪು ಎನ್ನುವ ಲೆಕ್ಕ ಇದು. ತೊಡದೆ ತಿಳಿಯುವುದು ಹೇಗೆಂದು ನೀವೇ ಹೇಳಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ, ನನ್ನಂತೆ ಇನ್ನೆಷ್ಟು ಜನ ಬರೆದಿದ್ದಾರೋ, ಅವರದೆಲ್ಲ ಇದೇ "ಹರಿದಿದೆ" ಪಟ್ಟಿಯೊಳಗೆ ಹೂತುಹೋಗಿದೆಯೋ ಏನೋ, ನಿಮಗೇ ಗೊತ್ತಾಗುವ ದಾರಿ ಇಲ್ಲ.

ನನ್ನ ಬೇಡಿಕೆಗಳು ಕಷ್ಟದವಲ್ಲ. ಸ್ಕ್ರೂ ಇರುವ ಗೂಡು ಬರುವವರೆಗೆ ಆ ಹೇರ್‌ಬ್ಯಾಂಡಿನ ಮಾರಾಟ ಇಂದೇ ನಿಲ್ಲಿಸಿ. ವೇಷವನ್ನು ಬೇಕಾದರೆ ದೀಪವಿಲ್ಲದ ಮೀಸೆಯ ಜೊತೆ ಮಾರಿ, ಮಕ್ಕಳಿಗೆ ಏನೂ ಕಡಿಮೆಯಾಗುವುದಿಲ್ಲ. ಈಗಾಗಲೇ ಕೊಂಡವರ ಫೋನ್ ನಂಬರುಗಳು ನಿಮ್ಮಲ್ಲಿವೆ. ರಿಯಾಯಿತಿಯ ಸಂದೇಶಗಳು ನನಗೆ ತಪ್ಪದೆ ಬರುತ್ತಿರುವುದರಿಂದ ಇದು ನನಗೆ ಚೆನ್ನಾಗಿ ಗೊತ್ತು. ಅದೇ ನಂಬರುಗಳಿಗೆ, ಬ್ಯಾಟರಿ ತೆಗೆದಿಡಿ, ಮಗು ನುಂಗಿರಬಹುದೆಂಬ ಅನುಮಾನವಿದ್ದರೂ ವಾಂತಿ ಮಾಡಿಸಲು ಹೋಗದೆ ತಕ್ಷಣ ಆಸ್ಪತ್ರೆಗೆ ಓಡಿ ಎಂದು ಸಂದೇಶ ಕಳಿಸಿ. ದೂರಿನ ಪಟ್ಟಿಯಲ್ಲಿ ಸುರಕ್ಷತೆ ಎಂಬ ಕಾರಣವನ್ನು ಸೇರಿಸಿ, ಅದು ನೇರವಾಗಿ ನಿರ್ಧಾರ ತೆಗೆದುಕೊಳ್ಳುವವರ ಬಳಿಗೆ ಹೋಗಲಿ. ಬಟ್ಟೆಯ ವಿವರ, ಸೈಜಿನ ಅಳತೆ ಸರಿಪಡಿಸಿ. ನನ್ನ ಪೂರ್ತಿ ಹಣವೂ ವಾಪಸ್ ಬರಬೇಕು, ಆದರೆ ಅದನ್ನು ಕೊಟ್ಟು ಮಿಕ್ಕದ್ದನ್ನು ಮುಗಿಯಿತೆಂದು ಗುರುತು ಹಾಕಿದರೆ ನಾನು ಒಪ್ಪುವುದಿಲ್ಲ.

ಬ್ಯಾಟರಿಯ ಎರಡೂ ಮುಖಕ್ಕೆ ಟೇಪ್ ಸುತ್ತಿ, ಹೇರ್‌ಬ್ಯಾಂಡ್ ಸಮೇತ ಮಕ್ಕಳ ಕೈಗೆಟುಕದ ಕಡೆ ಇಟ್ಟಿದ್ದೇನೆ. ಪಾರ್ಸೆಲ್ ಮಾಡಿ ಕಳಿಸುವುದಿಲ್ಲ; ಮತ್ತೆ ಯಾವುದಾದರೂ ಪ್ಯಾಕೆಟ್ಟಿಗೆ ಸೇರಿಬಿಟ್ಟೀತೆಂಬ ಭಯ. ಪರೀಕ್ಷಿಸುವವರು ಬಂದರೆ ಬರಹದಲ್ಲಿ ರಸೀದಿ ಪಡೆದು ಕೊಡುತ್ತೇನೆ. ಫೋಟೋಗಳನ್ನೂ, ಮುಚ್ಚಳ ಉಗುರಿನಿಂದ ಏಳುವ ವಿಡಿಯೋವನ್ನೂ, ಚಾಟ್‌ನ ಪ್ರತಿಯನ್ನೂ ಲಗತ್ತಿಸಿದ್ದೇನೆ. ಹದಿನೈದು ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಇದೇ ಕಾಗದಗಳು ಗ್ರಾಹಕರ ಹಕ್ಕು ನೋಡಿಕೊಳ್ಳುವ ಅಧಿಕಾರಿಗಳಿಗೆ ಹೋಗುತ್ತವೆ.

ಇತಿ,
ನಿಮ್ಮ ಗ್ರಾಹಕಿ